ಊರಿಗೆ ಹೋಗದ ಬಂದೂಕು

ಬಹದ್ದೂರ್ ಎನ್ನುವುದು ಅವರ ಹೆಸರಲ್ಲ. ನೇಪಾಳದಿಂದ ಬಂದವರನ್ನೆಲ್ಲ ನಾವು ಹಾಗೇ ಕರೆಯುತ್ತೇವೆ, ಅವರೂ ಪಾಪ ಓಗೊಡುತ್ತಾರೆ. ಅವರಿಗೆ ಅಪ್ಪ ಅಮ್ಮ ಇಟ್ಟ ಚೆಂದದ ಹೆಸರೊಂದಿತ್ತು. ಸಂಬಳ ಬರೆಯುವಾಗಲೆಲ್ಲ ನಾನೇ ಅದನ್ನು ಬರೆಯುತ್ತಿದ್ದೆ. ಆದರೂ ಬಾಯಿಗೆ ಬರುತ್ತಿದ್ದದ್ದು ಬಾದ್ದೂರಣ್ಣ ಎಂದೇ. ನಿಮಗೆ ಬೇಜಾರಾಗುವುದಿಲ್ಲವೇ ಎಂದು ಒಮ್ಮೆ ಕೇಳಿದೆ. "ಹೆಸ್ರು ಊರಲ್ಲಿ ಮಡಗಿ ಬಂದಿವ್ನಿ ಬುಡಿ ಮೇಡಮ್ಮ. ಹೋದಾಗ ತಗತೀನಿ" ಎಂದರು. ಹಾಗಾಗಿ ನಾನೂ ಅದನ್ನು ಇಲ್ಲಿ ಬರೆಯುವುದಿಲ್ಲ.

ಮಧುಗಿರಿಯ ಒಂದು ಸಣ್ಣ ಸಹಕಾರಿ ಬ್ಯಾಂಕಿಗೆ ನಾನು ಗುಮಾಸ್ತೆಯಾಗಿ ಸೇರಿದಾಗ ಅವರು ಆಗಲೇ ಬಾಗಿಲಲ್ಲಿದ್ದರು. ಕುಳ್ಳಗೆ, ಗಟ್ಟಿಮುಟ್ಟಾಗಿ, ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡು, ಜೋಡಿ ನಳಿಗೆಯ ಬಂದೂಕನ್ನು ಹೆಗಲಿಗೇರಿಸಿ ನಿಂತಿರುತ್ತಿದ್ದರು. ನೋಡಲು ಮಿಲಿಟರಿ, ಬಾಯಿ ಬಿಟ್ಟರೆ ಮಂಡಿ. ಬ್ಯಾಂಕಿನ ಎದುರೇ ಕಡಲೆಕಾಯಿ ಮಂಡಿ ಇತ್ತು, ಅವರು ಕನ್ನಡ ಕಲಿತದ್ದು ಅಲ್ಲಿನ ಹಮಾಲಿಗಳಿಂದ. ಹೀಗಾಗಿ ಮ್ಯಾನೇಜರು ಬಂದರೆ ಸೆಲ್ಯೂಟ್ ಹೊಡೆದು "ಬನ್ರಲಾ ಸಾರ್" ಎನ್ನುತ್ತಿದ್ದರು. ಮೊದಲ ದಿನ ನಾನು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಿದ್ದೆ. ಮ್ಯಾನೇಜರು ನಗಲಿಲ್ಲ. ಅವರಿಗೆ ಅಭ್ಯಾಸವಾಗಿತ್ತು.

ಬೆಳಿಗ್ಗೆ ಬೀಗ ತೆಗೆದ ಮೇಲೆ ಅವರ ಮೊದಲ ಕೆಲಸ ಬಂದೂಕು ಒರೆಸುವುದು. ಅದನ್ನು ನಡು ಮುರಿದು, ನಳಿಗೆಗಳನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಇಣುಕುತ್ತಿದ್ದರು. ಎಣ್ಣೆ ಹೊಲಿಗೆ ಮಿಷನ್ನಿನದು, ಬಟ್ಟೆ ನನ್ನ ಹಳೆ ಹತ್ತಿ ಸೀರೆಯದು. ಸೀರೆ ಹಳತಾಗುವುದನ್ನೇ ಕಾಯುತ್ತಿದ್ದರು ಅನಿಸುತ್ತದೆ, ನಾನು ಎರಡು ಸಲ ಒಂದೇ ಸೀರೆ ಉಟ್ಟುಬಂದರೆ "ಇದು ಯಾವಾಗ ಹರೀತದೆ ಮೇಡಮ್ಮ" ಎಂದು ಕೇಳುತ್ತಿದ್ದರು. ಮನೆಯಲ್ಲಿ ನನ್ನ ಯಜಮಾನರು ಕೂಡ ನನ್ನ ಸೀರೆಯನ್ನು ಅಷ್ಟು ಗಮನಿಸಿದವರಲ್ಲ.

ಆ ಬಂದೂಕು ಬ್ಯಾಂಕಿನದಲ್ಲ, ಅವರದೇ ಸ್ವಂತದ್ದು. ನಮ್ಮಂಥ ಸಣ್ಣ ಬ್ಯಾಂಕುಗಳಲ್ಲಿ ಕಾವಲಿಗೆ ಬರುವವನು ಬಂದೂಕು, ಲೈಸೆನ್ಸು ಎರಡನ್ನೂ ತಾನೇ ತರಬೇಕು. ಅಂದರೆ ಕೆಲಸ ಸಿಗುವುದು ಬಂದೂಕಿಗೆ, ಅದನ್ನು ಹಿಡಿದುಕೊಳ್ಳಲು ಒಬ್ಬ ಮನುಷ್ಯನೂ ಜೊತೆಗಿರುತ್ತಾನೆ. ಈ ಮಾತನ್ನು ನಾನು ತಮಾಷೆಗೆ ಹೇಳಿದ್ದೆ. ಅವರು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ, ಹೌದು ಎಂದು ತಲೆಯಾಡಿಸಿದರು.

ಅವರು ಎಂಥ ಮನುಷ್ಯ ಎಂದು ನನಗೆ ಗೊತ್ತಾದದ್ದು ಪಾವಗಡದ ರಸ್ತೆಯಲ್ಲಿ. ಅಲ್ಲಿ ನಮ್ಮದೊಂದು ಶಾಖೆ ಇತ್ತು. ಮಧುಗಿರಿಯಿಂದ ನೇರ ರಸ್ತೆಯಲ್ಲಿ ಹೋದರೆ ನಡುವೆ ಆಂಧ್ರ ಸಿಗುತ್ತದೆ. ನಮಗೆ ಅದು ಲೆಕ್ಕಕ್ಕೇ ಇಲ್ಲ, ಬಸ್ಸಿನಲ್ಲಿ ಒಂದು ತೂಕಡಿಕೆ ಮುಗಿಯುವಷ್ಟರಲ್ಲಿ ಅಂಗಡಿ ಬೋರ್ಡುಗಳು ತೆಲುಗಾಗಿ ಮತ್ತೆ ಕನ್ನಡವಾಗಿರುತ್ತವೆ. ಶಾಖೆಗೆ ಹಣ ಒಯ್ಯಲು ಹೊಸ ಮ್ಯಾನೇಜರು, ನಾನು, ಬಾದ್ದೂರಣ್ಣ ಜೀಪಿನಲ್ಲಿ ಹೊರಟೆವು. ಅಲ್ಲಿಯ ತನಕ ಹಣ ಬೇರೆ ದಾರಿಯಲ್ಲಿ ಹೋಗುತ್ತಿತ್ತಂತೆ, ನಮಗೆ ಗೊತ್ತಿರಲಿಲ್ಲ. ಗಡಿಯ ಕಲ್ಲು ಕಾಣುತ್ತಿದ್ದಂತೆ ಬಾದ್ದೂರಣ್ಣ ಜೀಪು ನಿಲ್ಲಿಸಲು ಹೇಳಿ ಬಂದೂಕಿನ ಸಮೇತ ಇಳಿದುಬಿಟ್ಟರು. ಅವರ ಲೈಸೆನ್ಸು ಕರ್ನಾಟಕಕ್ಕೆ ಮಾತ್ರ.

ಮ್ಯಾನೇಜರಿಗೆ ಸಿಟ್ಟು ನೆತ್ತಿಗೇರಿತು. ನಾಲ್ಕು ಹಳ್ಳಿ ದಾಟಿದರೆ ಮತ್ತೆ ಕರ್ನಾಟಕವೇ ಕಣಯ್ಯ, ಯಾರು ನೋಡುತ್ತಾರೆ ಎಂದರು.

"ದಾಟ್ದ್ಮೇಲೆ ಕರ್ನಾಟಕ ಸಾರ್" ಎಂದರು ಬಾದ್ದೂರಣ್ಣ. "ದಾಟೋ ಗಂಟ ನಾನು ಕಳ್ಳ."

ಹಣ ಬಿಟ್ಟು ಅವರು ಹೋಗುವಂತಿಲ್ಲ, ಅವರನ್ನು ಬಿಟ್ಟು ಹಣ ಹೋಗುವಂತಿಲ್ಲ. ಜೀಪು ತಿರುಗಿತು. ಶಿರಾಕ್ಕೆ ಬಂದು, ಹಿರಿಯೂರು, ಚಳ್ಳಕೆರೆ ಎಲ್ಲ ಸುತ್ತಿ ಪಾವಗಡ ಸೇರುವಾಗ ಶಾಖೆಯವರು ಬಾಗಿಲು ಹಾಕಿ ನಮ್ಮ ದಾರಿ ಕಾಯುತ್ತಿದ್ದರು. ಪಾವಗಡದವನೇ ಆದ ಡ್ರೈವರು ದಾರಿಯುದ್ದಕ್ಕೂ ತೆಲುಗಿನಲ್ಲಿ "ಇದೇಂ ಖರ್ಮರಾ ದೇವುಡಾ" ಎಂದು ಗೊಣಗುತ್ತಲೇ ಬಂದ. ಬಾದ್ದೂರಣ್ಣ ಮಾತ್ರ ಹಿಂದಿನ ಸೀಟಿನಲ್ಲಿ ನೆಮ್ಮದಿಯಾಗಿ ಕಡಲೆಕಾಯಿ ಬಿಡಿಸುತ್ತ ಕೂತಿದ್ದರು.

ಇಂಥ ಮನುಷ್ಯನಿಗೆ ಬಂದೂಕು ಯಾಕೆ ಬೇಕಿತ್ತು? ಅದು ತಿಳಿದದ್ದು ಊರೊಳಗೆ ಕರಡಿ ಬಂದ ದಿನ. ನಮ್ಮ ಕಡೆಯ ಬೆಟ್ಟಗಳಲ್ಲಿ ಕರಡಿ ಹೊಸದಲ್ಲ. ಅವತ್ತು ಒಂದು ಕರಡಿ ಬೆಳಗಾಗುವಾಗ ದಾರಿ ತಪ್ಪಿ ಇಳಿದು ಬಂದು, ಬ್ಯಾಂಕಿನ ಹಿಂದಿನ ಗ್ಯಾರೇಜಿನ ಹಳೆ ಟೈರುಗಳ ನಡುವೆ ಸೇರಿಕೊಂಡಿತ್ತು. ಅರಣ್ಯ ಇಲಾಖೆಯವರು ಬರುವ ಮೊದಲೇ ಅರ್ಧ ಊರು ಅಲ್ಲಿತ್ತು. ಎಲ್ಲರೂ ಬಾದ್ದೂರಣ್ಣನನ್ನು ಮುಂದಕ್ಕೆ ತಳ್ಳಿದರು. ಹೊಡಿ ಎಂದರು. ಇಷ್ಟು ವರ್ಷ ಸುಮ್ಮನೆ ಹೊತ್ತುಕೊಂಡು ತಿರುಗಿದ್ದೀಯಲ್ಲ, ಇವತ್ತಾದರೂ ಹೊಡಿ ಎಂದರು. ಅವರು ಬಂದೂಕು ಮುರಿದು, ಒಳಗಿದ್ದ ಎರಡು ತೋಟಾಗಳನ್ನೂ ತೆಗೆದು ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡರು. ಆಮೇಲೆ ಕರಡಿಗೆ ಬೆನ್ನು ಮಾಡಿ ನಿಂತು, ಜನರನ್ನೇ ಬೈದು ಹಿಂದಕ್ಕೆ ಅಟ್ಟಿದರು. ಜನ ನಕ್ಕರು. ಗೂರ್ಖನ ಬಂದೂಕಿನಲ್ಲಿ ಗುಂಡೇ ಇಲ್ಲ ಎಂದು ತುಂಬ ದಿನ ಆಡಿಕೊಂಡರು.

ಕರಡಿಯನ್ನು ಬೋನಿಗೆ ಹಾಕಿಕೊಂಡು ಹೋದ ಮೇಲೆ ಅವರು ಬ್ಯಾಂಕಿನ ಮೆಟ್ಟಿಲ ಮೇಲೆ ಕೂತರು. ಟೀ ತರಿಸಿಕೊಟ್ಟು ನಾನು ಪಕ್ಕದಲ್ಲಿ ಕೂತೆ.

"ನನ್ನ ತಮ್ಮನ್ನ ಕರಡೀನೇ ತಿಂದಿದ್ದು ಮೇಡಮ್ಮ" ಎಂದರು. "ಆದ್ರೆ ಇದಲ್ಲ ಅದು."

ಆಮೇಲೆ ಬಿಡಿಬಿಡಿಯಾಗಿ ಹೇಳಿದರು. ಅವರ ಊರು ಎತ್ತರದ ಬೆಟ್ಟದ ಮೇಲೆ. ಮುಸುಕಿನ ಜೋಳ ಕಾಳು ಕಟ್ಟಿತು ಎಂದರೆ ಕರಡಿ ಇಳಿಯುತ್ತದೆ. ಅವರು ಭಾರತದ ಸೈನ್ಯದಲ್ಲಿದ್ದಾಗ ತಮ್ಮ ಒಬ್ಬನೇ ಹೊಲ ಕಾಯಲು ಹೋಗಿ ತೀರಿಕೊಂಡ. ಅದಾದ ಮೇಲೆ ಜೋಳ ಕಾಯುವುದು ಹೆಂಡತಿಯ ಪಾಲಿಗೆ ಬಂತು. ಆಕೆಗೆ ಆಯುಧ ಅಂದರೆ ಒಂದು ತಗಡು, ಅದನ್ನು ಬಡಿಯಲು ಒಂದು ಕೋಲು. ಸೈನ್ಯ ಬಿಟ್ಟಾಗ ಕೈಗೆ ಬಂದ ದುಡ್ಡಿನಲ್ಲಿ ಇವರು ಮೊದಲು ಕೊಂಡದ್ದು ಈ ಬಂದೂಕು. ಹೆಗಲಿಗೆ ಹಾಕಿಕೊಂಡು ರೈಲು ಹತ್ತಿದರಾಯಿತು ಎಂದುಕೊಂಡಿದ್ದರಂತೆ. ಆಗ ಗೊತ್ತಾಯಿತು, ಒಂದು ದೇಶದ ಬಂದೂಕು ಇನ್ನೊಂದು ದೇಶಕ್ಕೆ ಹಾಗೆಲ್ಲ ಹೋಗುವುದಿಲ್ಲ, ಅದಕ್ಕೆ ಅಪ್ಪಣೆ ಬೇಕು. ಅಪ್ಪಣೆ ಸಿಗುವ ತನಕ ಇರಲು ಒಂದು ವಿಳಾಸ ಬೇಕು. ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದ ಶಿರಾದ ಸಾಬರೊಬ್ಬರು ಸ್ನೇಹಿತರಿದ್ದರು. ನಮ್ಮ ಊರಿಗೆ ಬಾ ಭಾಯ್, ಒಂದು ವರ್ಷ ಇದ್ದು ಹೋಗು ಎಂದು ಕರೆದುಕೊಂಡು ಬಂದು ನಮ್ಮ ಬ್ಯಾಂಕಿಗೆ ಸೇರಿಸಿದರು.

ಆ ಒಂದು ವರ್ಷ ಮುಗಿಯಲೇ ಇಲ್ಲ. ಅಪ್ಪಣೆಗೆ ಬೇಕಾದ ಪತ್ರವನ್ನು ಕೆಲಸ ಬಿಡುವಾಗ ಬರೆದುಕೊಡುತ್ತೇವೆ ಎಂದು ಬ್ಯಾಂಕಿನವರು, ಬರೆದುಕೊಟ್ಟರೆ ಬಿಡುತ್ತೇನೆ ಎಂದು ಇವರು. ಅಷ್ಟರಲ್ಲಿ ಮಕ್ಕಳು ಶಾಲೆಗೆ ಸೇರಿದರು, ಸಂಬಳ ಬಿಡಲಾಗಲಿಲ್ಲ. ವರ್ಷಕ್ಕೊಮ್ಮೆ ಬಂದೂಕನ್ನು ಪೊಲೀಸ್ ಸ್ಟೇಷನ್ನಿನಲ್ಲಿ ಒಪ್ಪಿಸಿ ಊರಿಗೆ ಹೋಗಿ ಬರುತ್ತಿದ್ದರು. ಹೆಂಡತಿಯ ಹೊಲ ಕಾಯಲೆಂದು ಕೊಂಡ ಬಂದೂಕು ಅವರನ್ನು ಹೆಂಡತಿಯಿಂದ ಇಷ್ಟು ದೂರದಲ್ಲಿ ಕಟ್ಟಿಹಾಕಿತು. ಆಕೆ ಆ ಬಂದೂಕನ್ನು ನೋಡಿಯೇ ಇರಲಿಲ್ಲ. ಮೊಬೈಲು ಬಂದ ಮೇಲೆ ಫೋಟೊ ಕಳಿಸಿ ಎಂದು ನಾನು ಎಷ್ಟೋ ಸಲ ಹೇಳಿದೆ. "ಕಳ್ಸೋದ್ಯಾಕೆ? ತಗೊಂಡೇ ಹೋಗ್ತೀನಲ್ಲ" ಎನ್ನುತ್ತಿದ್ದರು.

ಆಯುಧಪೂಜೆಯ ದಿನ ಮಾತ್ರ ಅವರನ್ನು ನೋಡಬೇಕಿತ್ತು. ನಾವು ಹಣ ಎಣಿಸುವ ಮಿಷನ್ನು, ಕಂಪ್ಯೂಟರು, ಜೀಪಿಗೆ ಕುಂಕುಮ ಇಟ್ಟು ಕೈಮುಗಿದರೆ, ಅವರು ಬಂದೂಕಿಗೆ ಕೆಂಪು ಬಟ್ಟೆ ಹಾಸಿ, ಚೆಂಡುಹೂವಿನ ಮಾಲೆ ಹಾಕಿ, ನಿಂಬೆಹಣ್ಣು ಇಟ್ಟು ಹೊತ್ತುಗಟ್ಟಲೆ ಕೂರುತ್ತಿದ್ದರು. ಅವರ ನಾಡಿನಲ್ಲೂ ಅದೇ ದೊಡ್ಡ ಹಬ್ಬ. ಹಿರಿಯರು ಮೊಸರು ಅಕ್ಕಿ ಕುಂಕುಮ ಕಲೆಸಿ ಕಿರಿಯರ ಹಣೆಗೆ ದಪ್ಪಗೆ ಹಚ್ಚಿ ಹರಸುವುದು ಅಲ್ಲಿನ ಪದ್ಧತಿಯಂತೆ. ಹಬ್ಬದ ರಜೆಯಲ್ಲಿ ಬ್ಯಾಂಕು ಖಾಲಿ ಬಿಡುವಂತಿಲ್ಲ ಎಂದು ಅವರಿಗೆ ಆ ದಿನಗಳಲ್ಲಿ ರಜೆ ಕೊಟ್ಟವರಿಲ್ಲ. ಹಾಗಾಗಿ ಮಕ್ಕಳಿಗೆ ಹಚ್ಚಬೇಕಾದದ್ದನ್ನು ನಮಗೆ ಹಚ್ಚುತ್ತಿದ್ದರು. ಹಣೆಯಿಂದ ಮೊಸರು ಮೂಗಿನ ಮೇಲೆ ಇಳಿಯುತ್ತಿದ್ದರೂ ನಾವು ಯಾರೂ ಒರೆಸಿಕೊಳ್ಳುತ್ತಿರಲಿಲ್ಲ.

ಅವರು ನಿವೃತ್ತರಾದಾಗ ಬ್ಯಾಂಕಿನವರು ಶಾಲು ಹೊದಿಸಿದರು. ಅವರು ಮಾತಾಡಿದ್ದು ಒಂದೇ ಮಾತು, ಈ ಹಬ್ಬಕ್ಕೆ ಬಂದೂಕು ತಗೊಂಡು ಊರಿಗೆ ಹೋಗುತ್ತೇನೆ ಎಂದು. ಎಲ್ಲರೂ ಚಪ್ಪಾಳೆ ತಟ್ಟಿದರು. ಅರ್ಜಿ ಬರೆಯುವ ಕೆಲಸ ನನ್ನ ಮೇಲೆ ಬಿತ್ತು. ಇದೇನು ಮಹಾ, ಒಂದು ತಿಂಗಳ ಕೆಲಸ ಎಂದುಕೊಂಡು ಸೆರಗು ಸಿಕ್ಕಿಸಿ ಕೂತೆ.

ಜಿಲ್ಲಾ ಕಚೇರಿಯಲ್ಲಿ ಲೈಸೆನ್ಸಿನ ಕಡತ ನೋಡುವ ವಿಷಯ ನಿರ್ವಾಹಕರು ಒಳ್ಳೆಯವರು. ಕೂರಿಸಿ, ನೀರು ಕೊಟ್ಟು, ನಿಯಮ ಓದಿ ಹೇಳಿದರು. ನಮ್ಮ ದೇಶದಿಂದ ಹೊರಗೆ ಒಯ್ಯಲು ಇಲ್ಲಿನ ಅಪ್ಪಣೆ ಬೇಕು. ಅದು ಸಿಗಬೇಕಾದರೆ ಆ ದೇಶ ಒಳಗೆ ಬಿಟ್ಟುಕೊಳ್ಳುತ್ತದೆ ಎಂಬ ಪತ್ರ ಮೊದಲು ಬೇಕು. ಇಲ್ಲಿಂದ ಗಡಿಯವರೆಗೆ ರೈಲಿನಲ್ಲಿ ದಾಟುವ ರಾಜ್ಯಗಳಿಗೆಲ್ಲ ಲೈಸೆನ್ಸು ವಿಸ್ತರಿಸಬೇಕು, ಇವರದು ಕರ್ನಾಟಕ ಮಾತ್ರ. ಅದಕ್ಕೆ ಪೊಲೀಸ್ ವರದಿ ಬೇಕು. ಪಕ್ಕದ ಆಂಧ್ರದ ನಾಲ್ಕು ಹಳ್ಳಿ ದಾಟದ ಮನುಷ್ಯ ಇದನ್ನೆಲ್ಲ ಕೈಕಟ್ಟಿ ಕೇಳಿಸಿಕೊಂಡರು. ಎಲ್ಲ ಸರಿಯಾಗೇ ಐತೆ ಎಂದು ನನಗೇ ಸಮಾಧಾನ ಹೇಳಿದರು.

ಬಂದೂಕನ್ನು ಸ್ಟೇಷನ್ನಿಗೆ ಒಪ್ಪಿಸಿ ಅವರು ನೇಪಾಳದ ತಮ್ಮ ಜಿಲ್ಲೆಗೆ ಹೋಗಿ ಕೇಳಿಬಂದರು. ಅಲ್ಲಿಯವರೂ ಒಳ್ಳೆಯವರೇ. ಭಾರತ ಹೊರಗೆ ಬಿಡುತ್ತದೆ ಎಂಬ ಪತ್ರ ತಂದರೆ ಒಳಗೆ ಬಿಟ್ಟುಕೊಳ್ಳುವ ಪತ್ರ ಕೊಡುತ್ತೇವೆ ಎಂದರಂತೆ. ನಾನು ಜಿಲ್ಲಾ ಕಚೇರಿಗೆ ಹೋಗಿ ಜಗಳಕ್ಕೇ ನಿಂತೆ. ಬಂದೂಕು ಗಡಿ ಗೆರೆಯ ಮೇಲೆ ನಿಂತುಕೊಳ್ಳಬೇಕೇನ್ರೀ ಎಂದು ಕೇಳಿದೆ. ವಿಷಯ ನಿರ್ವಾಹಕರು ತಲೆ ತಗ್ಗಿಸಿ, ಮೇಡಂ, ನಾನು ಓದಿ ಹೇಳುವವನು ಮಾತ್ರ ಎಂದರು. ಬಯ್ಯಲು ಒಬ್ಬ ಕೆಟ್ಟವನಾದರೂ ಸಿಕ್ಕಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಯಾರೂ ಸಿಗಲಿಲ್ಲ.

ದೆಹಲಿಯಲ್ಲಿರುವ ನೇಪಾಳದ ರಾಯಭಾರ ಕಚೇರಿಗೆ ಬರೆದು, ಸೈನ್ಯದ ಹಳೆಯ ಕಾಗದಗಳನ್ನು ಲಗತ್ತಿಸಿ, ಕೊನೆಗೆ ಆ ಕಡೆಯಿಂದ ಒಂದು ಪತ್ರ ಬಂತು. ಅವತ್ತು ಅವರು ಇಡೀ ಬ್ಯಾಂಕಿಗೆ ಜಿಲೇಬಿ ಹಂಚಿದರು. ಆ ಪತ್ರಕ್ಕೆ ಗಡುವಿತ್ತು. ಇಲ್ಲಿನ ವರದಿಗಳು ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಗಡುವು ಮುಗಿಯಿತು. ಮತ್ತೆ ಮೊದಲಿಂದ ಶುರು. ಈ ನಡುವೆ ಅವರ ಲೈಸೆನ್ಸೇ ನವೀಕರಣಕ್ಕೆ ಬಂತು. ಬಂದೂಕು ಯಾಕೆ ಬೇಕು ಎಂಬಲ್ಲಿ ಇಷ್ಟು ವರ್ಷ ಬ್ಯಾಂಕ್ ಕಾವಲು ಎಂದಿತ್ತು. ಈಗ ಬ್ಯಾಂಕೂ ಇಲ್ಲ, ಕಾವಲೂ ಇಲ್ಲ. ಕರಡಿ ಎಂದು ಬರೆಯಲೇ ಎಂದು ಕೇಳಿದೆ. ನಮ್ಮ ಜೋಳ ತಿನ್ನುವ ಕರಡಿ ಇರುವುದು ನೇಪಾಳದಲ್ಲಿ, ಲೈಸೆನ್ಸು ಕರ್ನಾಟಕದ್ದು ಎಂದು ಅವರೇ ನಕ್ಕರು.

ಅಷ್ಟರಲ್ಲಿ ಚುನಾವಣೆ ಘೋಷಣೆಯಾಯಿತು. ಚುನಾವಣೆ ಬಂದರೆ ಲೈಸೆನ್ಸ್ ಇರುವವರೆಲ್ಲ ಬಂದೂಕನ್ನು ಸ್ಟೇಷನ್ನಿಗೆ ಒಪ್ಪಿಸಬೇಕು. ಎಲ್ಲರಿಗಿಂತ ಮೊದಲು ಒಪ್ಪಿಸಿದವರು ಇವರು. ಚುನಾವಣೆ ಮುಗಿದ ಮೇಲೆ ಉಳಿದವರು ಒಬ್ಬೊಬ್ಬರಾಗಿ ಬಂದು ತಮ್ಮದನ್ನು ಒಯ್ದರು. ಇವರು ಹೋಗುವ ಹೊತ್ತಿಗೆ ಲೈಸೆನ್ಸಿನ ಅವಧಿ ತೀರಿತ್ತು, ನವೀಕರಣ ಆಗಿರಲಿಲ್ಲ. ಬಂದೂಕು ಅಲ್ಲೇ ಉಳಿಯಿತು. ಅವತ್ತಿನಿಂದ ಅವರು ಬಾಡಿಗೆ ರೂಮಿನಿಂದ ಬೆಳಿಗ್ಗೆ ಹೊರಟು ಸ್ಟೇಷನ್ನಿನ ಎದುರಿನ ಟೀ ಅಂಗಡಿಯಲ್ಲಿ ಕೂರತೊಡಗಿದರು. ಕುತ್ತಿಗೆಯ ಹತ್ತಿರ, ಬಂದೂಕಿನ ಪಟ್ಟಿ ಇರುತ್ತಿದ್ದ ಜಾಗದಲ್ಲಿ ಕೈ ಹೋಗಿ ಹೋಗಿ ಬರುತ್ತಿತ್ತು.

ಕೊರಟಗೆರೆ ಕಡೆಯ ತೋಟದವರೊಬ್ಬರು ಕೊಂಡುಕೊಳ್ಳಲು ಮುಂದೆ ಬಂದರು. ಅವರಿಗೆ ಲೈಸೆನ್ಸಿತ್ತು, ಕಾನೂನಿಗೂ ಅಡ್ಡಿಯಿರಲಿಲ್ಲ. ಮಾರಿ ಊರಿಗೆ ಹೋಗಿ ಬಾದ್ದೂರಣ್ಣ ಎಂದು ನಾನೂ ಹೇಳಿದೆ. ಅವರು ಟೀ ಲೋಟ ಕೆಳಗಿಟ್ಟರು.

"ಮಾರೋದೇ ಆಗಿದ್ರೆ ಅವತ್ತೇ ಮಾರ್ಬುಟ್ಟು ಊರಿಗೋಗ್ತಿದ್ದೆ ಕಣಮ್ಮ. ಈಗ ಮಾರುದ್ರೆ, ಇಷ್ಟು ವರ್ಸ ನಾನು ಇಲ್ಲಿ ಯಾಕಿದ್ದೆ ಅಂತ ಅವ್ಳಿಗೆ ಏನು ಹೇಳ್ಲಿ?"

ತೋಟದವರಿಗೆ ನಾನೇ ಫೋನು ಮಾಡಿ ಬೇಡವೆಂದೆ.

ಮಳೆಗಾಲದಲ್ಲಿ ಅವರ ಮಗಳ ಫೋನು ಬಂತು. ತಾಯಿ ಹೊಲದ ಅಂಚಿನಿಂದ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರು. ಬಂದೂಕು ಬೇಡ, ಬರಿಗೈಯಲ್ಲಾದರೂ ಬಾ ಎಂದು ಆಕೆ ಹೇಳಿ ಕಳಿಸಿದ್ದರು. ಮರುದಿನವೇ ಅವರು ಹೊರಟರು. ಬಸ್‌ಸ್ಟ್ಯಾಂಡಿಗೆ ನಾನು ಹೋಗಿದ್ದೆ. ಒಂದು ಟ್ರಂಕು, ಒಂದು ಚೀಲ, ಅಷ್ಟೇ. ಹೆಗಲು ಬರಿದಾಗಿತ್ತು, ಆ ಕಡೆಗೆ ಸ್ವಲ್ಪ ವಾಲಿಕೊಂಡೇ ನಡೆಯುತ್ತಿದ್ದರು. ಬಸ್ಸು ಹತ್ತುವ ಮೊದಲು ಚೀಲದಿಂದ ಎಣ್ಣೆಯ ಸಣ್ಣ ಬಾಟಲಿಯನ್ನೂ ನನ್ನ ಸೀರೆಯ ತುಂಡನ್ನೂ ತೆಗೆದು ಕೊಟ್ಟರು. ವಾರಕ್ಕೊಂದು ಸಲ ಯಾರಾದರೂ ಒರೆಸಿದರೆ ಸಾಕು, ಮಳೆಗಾಲದಲ್ಲಿ ತುಕ್ಕು ಬೇಗ ಹಿಡಿಯುತ್ತದೆ ಎಂದರು.

ನಾನು ಅದನ್ನು ಸ್ಟೇಷನ್ನಿಗೆ ಒಯ್ದೆ. ಅಲ್ಲಿನ ದಫೇದಾರರು ನಮ್ಮ ಬ್ಯಾಂಕಿನ ಸದಸ್ಯರು, ಬಾದ್ದೂರಣ್ಣನ ಕೈಯಿಂದ ಹಬ್ಬದ ಮೊಸರು ಹಚ್ಚಿಸಿಕೊಂಡವರು. ಒಪ್ಪಿಸಿದ ಬಂದೂಕನ್ನು ಹೊರಗಿನವರು ಮುಟ್ಟುವಂತಿಲ್ಲ, ನಾವೂ ಸುಮ್ಮನೆ ತೆಗೆಯುವಂತಿಲ್ಲ ತಾಯಿ ಎಂದು, ಬಾಟಲಿ ಮಾತ್ರ ಇಸಿದುಕೊಂಡು ಕಪಾಟಿನ ಮೇಲಿಟ್ಟರು.

ಈ ಸಲದ ಆಯುಧಪೂಜೆಗೆ ದಫೇದಾರರೇ ಹೇಳಿಕಳಿಸಿದರು. ಸ್ಟೇಷನ್ನಿನಲ್ಲೂ ಪೂಜೆ ನಡೆಯುತ್ತದೆ, ಇರುವ ಆಯುಧಗಳನ್ನೆಲ್ಲ ಪಡಸಾಲೆಯಲ್ಲಿ ಜೋಡಿಸುತ್ತಾರೆ. ಸಾಹೇಬರನ್ನು ಕೇಳಿ ಅದನ್ನೂ ತೆಗೆದಿಟ್ಟಿದ್ದೇನೆ, ಬಂದು ನೋಡಿ ಎಂದರು. ಸಂಜೆ ಹೋದೆ. ಇಲಾಖೆಯ ರೈಫಲುಗಳ ಸಾಲಿನ ತುದಿಯಲ್ಲಿ, ಕುತ್ತಿಗೆಗೆ ಚೀಟಿ ಕಟ್ಟಿಸಿಕೊಂಡು ನಮ್ಮ ಬಂದೂಕು ಮಲಗಿತ್ತು. ಯಾರೋ ಅದಕ್ಕೂ ಒಂದು ಚೆಂಡುಹೂವು ಸಿಕ್ಕಿಸಿದ್ದರು. ದಫೇದಾರರು ಆ ಕಡೆ ತಿರುಗಿ ನಿಂತರು. ನಾನು ವಿಡಿಯೊ ಕಾಲ್ ಮಾಡಿದೆ.

ಫೋನಿನಲ್ಲಿ ಮೊದಲು ಅವರ ಹಣೆ ಕಂಡಿತು, ಆಮೇಲೆ ಮುಖ. ಗಡ್ಡ ಬಿಟ್ಟಿದ್ದರು. ಗುರುತು ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಫೋನನ್ನು ಬಂದೂಕಿನ ಕಡೆ ತಿರುಗಿಸಿದೆ. ನಳಿಗೆ ತೋರಿಸಿ ಎಂದರು, ತೋರಿಸಿದೆ. ಹಿಂಬದಿ ತೋರಿಸಿ ಎಂದರು, ತೋರಿಸಿದೆ. ನಳಿಗೆಯುದ್ದಕ್ಕೂ ಕೆಂಪಗೆ ತುಕ್ಕು ಎದ್ದಿತ್ತು. ಅದು ಕುಂಕುಮ ಎಂದುಕೊಳ್ಳಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಎಣ್ಣೆ ಹಾಕಿಲ್ಲ ಕಣಮ್ಮ ಯಾರೂವೆ" ಎಂದರು.

ಅಷ್ಟರಲ್ಲಿ ಒಬ್ಬ ಹೆಂಗಸು ಕೋಲೂರಿಕೊಂಡು ಬಂದು ಅವರ ಹೆಗಲ ಹಿಂದಿನಿಂದ ಬಗ್ಗಿದರು. ನಾನು ಆಕೆಯನ್ನು ಕಂಡದ್ದು ಅದೇ ಮೊದಲು, ಆಕೆ ಬಂದೂಕನ್ನು ಕಂಡದ್ದೂ ಅದೇ ಮೊದಲು. ಆಕೆ ಕಣ್ಣು ಕಿರಿದು ಮಾಡಿ ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ತಮ್ಮ ಭಾಷೆಯಲ್ಲಿ ಏನೋ ಕೇಳಿದರು. ಏನಂದರು ಎಂದು ನಾನು ಕೇಳಿದೆ.

"ಇಷ್ಟೇನಾ ಅಂತ ಕೇಳ್ತಾವ್ಳೆ" ಎಂದರು.

ದಫೇದಾರರು ಕೆಮ್ಮಿದರು. ಫೋನಿನ ಆ ಕಡೆ ಎಲ್ಲಿಂದಲೋ ಟಣ್ ಟಣ್ ಎಂದು ಸದ್ದು ಬರುತ್ತಿತ್ತು. ಕತ್ತಲಾಗುತ್ತ ಬಂದಿದೆ, ಪಕ್ಕದ ಹೊಲದವರು ಶುರು ಮಾಡಿದ್ದಾರೆ, ಕರಡಿ ಇಳಿಯುವ ಹೊತ್ತು ಎಂದರು ಬಾದ್ದೂರಣ್ಣ. ಹೆಂಡತಿ ಆಗಲೇ ಅವರ ಕೈಗೆ ಏನನ್ನೋ ಕೊಡುತ್ತಿದ್ದರು. ಅದು ತಗಡು ಮತ್ತು ಕೋಲು.

"ಇಡ್ತೀನಿ ಮೇಡಮ್ಮ" ಎಂದರು. "ಬಡಿಯಾಕೆ ಹೋಗ್ಬೇಕು."